ಲಿಫ್ಟಿನ ಮದುವೆ

ಅವಳನ್ನು ಎಲ್ಲರೂ ಟೇಪಕ್ಕ ಎಂದೇ ಕರೆಯುತ್ತಿದ್ದರು. ಮದುವೆ ಬಟ್ಟೆಯ ದೊಡ್ಡ ಅಂಗಡಿಯೊಂದರ ಎರಡನೆಯ ಮಹಡಿಯಲ್ಲಿ, ಮೂರು ಕಡೆ ಕನ್ನಡಿಯಿದ್ದ ಟ್ರಯಲ್ ರೂಮಿನಲ್ಲಿ ಅವಳ ಕೆಲಸ. ಮದುಮಗಳ ಅಳತೆ ತೆಗೆಯುವುದು, ಸೊಂಟದ ಹತ್ತಿರ ಪಿನ್ನು ಚುಚ್ಚಿ ಬಿಗಿ ನೋಡುವುದು, "ನಾನು ದಪ್ಪ ಕಾಣ್ತೀನಾ?" ಎಂದು ಕೇಳಿದವರಿಗೆಲ್ಲ "ಬಟ್ಟೆ ದಪ್ಪ, ನೀವಲ್ಲ" ಎಂದು ಸಮಾಧಾನ ಹೇಳುವುದು. ಅಳತೆಯ ಟೇಪು ಸದಾ ಕೊರಳಲ್ಲಿ ತೂಗುತ್ತಿರುತ್ತಿತ್ತು. ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ಅಂಗಡಿಯ ಹುಡುಗಿಯರು ತಮಾಷೆಗೆ ಇಟ್ಟ ಹೆಸರು ಆಮೇಲೆ ಗಂಡನ ಬಾಯಿಗೂ ಬಂತು.

ಗಂಡ ಎದುರು ಕಟ್ಟಡದ ಸ್ಟುಡಿಯೋದಲ್ಲಿ ಫೋಟೋಗ್ರಾಫರ್. ಮಾತಿನಮಲ್ಲ. ಎಂಥ ಬಿಗಿದ ಮುಖದವರನ್ನೂ ಎರಡು ಮಾತಿನಲ್ಲಿ ನಗಿಸಿ, ಆ ನಗು ಆರುವ ಮೊದಲೇ ಕ್ಲಿಕ್ ಮಾಡುವವನು. ಅಂಗಡಿಯ ಹೊಸ ಬಟ್ಟೆಗಳ ಫೋಟೋ ತೆಗೆಯಲು ಬಂದವನು, ಬಟ್ಟೆಗಳನ್ನು ಬಿಟ್ಟು ಬಟ್ಟೆ ಹಿಡಿದು ನಿಂತವಳ ಫೋಟೋ ತೆಗೆದುಕೊಂಡು ಹೋದ. ಇಬ್ಬರ ಮದುವೆ ನೋಂದಣಿ ಕಚೇರಿಯಲ್ಲಿ ಒಂದು ಬುಧವಾರ ನಡೆಯಿತು. ಎಲ್ಲೆಲ್ಲೂ ಮದುವೆಗಳ ಭರಾಟೆ. ಇಬ್ಬರಿಗೂ ಪೂರ್ತಿ ದಿನದ ರಜೆ ಸಿಗಲಿಲ್ಲ. ಸಹಿ ಹಾಕಿ, ಹೋಟೆಲಿನಲ್ಲಿ ಊಟ ಮಾಡಿ, ಅವನು ಯಾರದೋ ಔತಣಕೂಟದ ಫೋಟೋ ತೆಗೆಯಲು ಹೋದ, ಅವಳು ಯಾರದೋ ತೋಳಿನ ಹೊಲಿಗೆ ಬಿಚ್ಚಲು ಹೋದಳು.

"ಊರಿಗೆಲ್ಲ ಮದುವೆ ಮಾಡಿಸೋರಿಗೆ ತಮ್ಮ ಮದುವೆ ಮಾಡ್ಕೊಳ್ಳೋಕೆ ಪುರುಸೊತ್ತಿಲ್ಲ" ಎಂದು ಅವಳ ಅಪ್ಪ ನಕ್ಕಿದ್ದ. ಅಪ್ಪ ಬಸ್ಸಿನ ಚಾಲಕನಾಗಿದ್ದವನು. ದೂರದ ರೂಟು ಅವನದು, ಮನೆಯಲ್ಲಿ ಇದ್ದ ದಿನಗಳಿಗಿಂತ ಇಲ್ಲದ ದಿನಗಳೇ ಹೆಚ್ಚು. ಅಮ್ಮ ತೀರಿಕೊಂಡಾಗ ತಂಗಿಗೆ ಇನ್ನೂ ಹಾಲುಹಲ್ಲು. ತಂಗಿಯ ತಲೆ ಬಾಚಿದ್ದು, ಜ್ವರ ಬಂದಾಗ ಕೂತು ಕಾದದ್ದು, ಪರೀಕ್ಷೆಗೆ ಎಬ್ಬಿಸಿದ್ದು ಎಲ್ಲ ಟೇಪಕ್ಕನೇ. ತಂಗಿ ಸಂಕೋಚದ ಮುದ್ದೆ. ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿದ್ದವು. ನಗು ಬಂದರೆ ಮೊದಲು ಕೈ ಬಾಯಿಗೆ ಹೋಗುತ್ತಿತ್ತು, ಆಮೇಲೆ ನಗು. ಆದರೆ ದನಿ ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದಂತೆ. ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು, ಪ್ಲಾಟ್‌ಫಾರಂ ಹೇಳುವ ಕೆಲಸ ಸಿಕ್ಕಿತು. ಗಾಜಿನ ಸಣ್ಣ ಕೋಣೆಯಲ್ಲಿ ಮೈಕಿನ ಮುಂದೆ ಕೂತು ದಿನವಿಡೀ ಮಾತಾಡುತ್ತಿದ್ದಳು. ಸಾವಿರಾರು ಜನಕ್ಕೆ ಅವಳ ದನಿ ಗೊತ್ತು, ಮುಖ ಒಬ್ಬರಿಗೂ ಗೊತ್ತಿಲ್ಲ. ಅವಳಿಗೆ ಬೇಕಾದದ್ದೂ ಅದೇ.

ವ್ಯವಹಾರದ ಯೋಚನೆ ಹುಟ್ಟಿದ್ದು ಆ ಟ್ರಯಲ್ ರೂಮಿನಲ್ಲೇ. ಒಬ್ಬ ಮದುಮಗಳು ಅರ್ಧ ಹೊಲಿದ ಬಟ್ಟೆಯಲ್ಲೇ ನೆಲಕ್ಕೆ ಕೂತು ಅತ್ತಳು. ಗೊತ್ತುಮಾಡಿದ್ದ ಸಭಾಂಗಣ ಕೊನೆಯ ಗಳಿಗೆಯಲ್ಲಿ ಕೈಕೊಟ್ಟಿತ್ತು. ಟೇಪಕ್ಕ ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಫೋನು ಹಿಡಿದಳು. ಅಂಗಡಿಗೆ ಬರುವ ಅಡುಗೆಯವರು, ಹೂವಿನವರು, ದೀಪದವರು ಎಲ್ಲರ ಪರಿಚಯ ಅವಳಿಗೆ ಇತ್ತು. ಸಂಜೆಯೊಳಗೆ ಬೇರೆ ಸಭಾಂಗಣ ಸಿಕ್ಕಿತು, ಹೂವಿನವನೂ ಕಡಿಮೆಗೆ ಒಪ್ಪಿದ. ಆ ಮದುವೆಗೆ ಫೋಟೋ ತೆಗೆಯಲು ಹೋದ ಗಂಡ ಮನೆಗೆ ಬಂದವನೇ ಬೂಟು ಬಿಚ್ಚದೆ ಹೇಳಿದ, "ಟೇಪಕ್ಕಾ, ನಿನ್ನ ತಲೇಲಿರೋದನ್ನ ಒಂದು ವೆಬ್‌ಸೈಟಿಗೆ ಇಳಿಸಿದ್ರೆ ಸಾಕು. ಜನ ಮನೇಲಿ ಕೂತೇ ಮದುವೆ ಮುಗಿಸ್ಕೋತಾರೆ."

"ಮದುವೆ ಮುಗಿಸೋದಲ್ಲ, ಶುರು ಮಾಡೋದು" ಎಂದಳು ಇವಳು.

"ಅದು ಅವರವರ ಹಣೆಬರಹ. ನಮ್ಮ ಕೆಲಸ ಆವತ್ತಿಗೆ ಮುಗೀತು."

ಇಬ್ಬರೂ ನಕ್ಕರು. ಆಗ ಅವರು ಒಟ್ಟಿಗೆ ನಗುತ್ತಿದ್ದರು.

ಇಬ್ಬರೂ ಕೆಲಸ ಬಿಟ್ಟರು. ಮನೆಯ ಮುಂದಿನ ಕೋಣೆಯೇ ಆಫೀಸಾಯಿತು. ಮಂಚ ಮಡಚಿ ಗೋಡೆಗೆ ಒರಗಿಸಿದರು, ಇಸ್ತ್ರಿ ಮೇಜಿನ ಮೇಲೆ ಕಂಪ್ಯೂಟರು ಕೂತಿತು. ಸಭಾಂಗಣ, ಊಟ, ಹೂವು, ಸಂಗೀತ, ಬಟ್ಟೆ ಒಂದೊಂದಕ್ಕೂ ಒಂದೊಂದು ಪುಟ. ಫೋಟೋ ಅವನವು, ಮಾತು ಅವಳವು. ವೆಬ್‌ಸೈಟು ನೋಡಲು ಕಣ್ಣಿಗೆ ಹಬ್ಬವಾಗಿತ್ತು, ನೋಡುವವರು ಮಾತ್ರ ಇರಲಿಲ್ಲ. ಗಿರಾಕಿ ಇಲ್ಲದ ಅಂಗಡಿಯವರು ಕೂತು ನೊಣ ಹೊಡೆಯುತ್ತಾರೆ ಎನ್ನುತ್ತಾರೆ. ಈ ಅಂಗಡಿಗೆ ನೊಣವೂ ಬರುತ್ತಿರಲಿಲ್ಲ. ಫೋನು ರಿಂಗಾದರೆ ಇಬ್ಬರೂ ಒಟ್ಟಿಗೆ ಹಾರುತ್ತಿದ್ದರು. ಹೆಚ್ಚಿನ ಸಲ ಅದು ರಾಂಗ್ ನಂಬರು, ಉಳಿದ ಸಲ ಅಪ್ಪ.

ಆ ಹೊತ್ತಿಗೆ ತಂಗಿಗೆ ಗಂಡು ಗೊತ್ತಾಯಿತು. ಲಿಫ್ಟು ರಿಪೇರಿ ಕಂಪನಿಯ ಮೆಕ್ಯಾನಿಕ್. ನಿಲ್ದಾಣದ ಹಳೆಯ ಲಿಫ್ಟು ಸರಿಮಾಡಲು ಬಂದು ಹೋಗಿ ಪರಿಚಯವಾದವನು. ಮಾತು ಕಡಿಮೆ, ನಯ ಹೆಚ್ಚು. ಟೇಪಕ್ಕನ ಮನೆಗೆ ಬಂದರೆ ತಾನು ಕುಡಿದ ಲೋಟ ತಾನೇ ತೊಳೆದಿಡುತ್ತಿದ್ದ. ಅಪ್ಪನಿಗಂತೂ ಅಷ್ಟೇ ಸಾಕಾಯಿತು.

ತಂಗಿಯ ಬಟ್ಟೆಯನ್ನು ಟೇಪಕ್ಕ ತಾನೇ ಹೊಲಿದಳು. ಗಂಡ ಕ್ಯಾಮೆರಾ ಹಿಡಿದ. ಮದುವೆಯ ದಿನ ಮದುಮಗಳನ್ನು ಮೇಲಿನ ಕೋಣೆಯಿಂದ ಸಭಾಂಗಣಕ್ಕೆ ಕರೆತರುವಾಗ ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತು. ಒಳಗೆ ತಂಗಿ ಒಬ್ಬಳೇ. ಬಟ್ಟೆ ಸುಕ್ಕಾದೀತೆಂದು ಟೇಪಕ್ಕನೇ ಬೇರೆ ಯಾರನ್ನೂ ಹತ್ತಿಸಿರಲಿಲ್ಲ. ಕೆಳಗೆ ಗುಲ್ಲೆದ್ದಿತು. ಯಾರೋ ಬಾಗಿಲು ಬಡಿದರು, ಯಾರೋ ಕಾವಲುಗಾರನನ್ನು ಬೈದರು. ಅಷ್ಟರಲ್ಲಿ ಮದುಮಗ ಜನರನ್ನು ಸರಿಸಿಕೊಂಡು ಬಂದ. ಕೋಟು ಬಿಚ್ಚಿ ಅಪ್ಪನ ಕೈಗೆ ಕೊಟ್ಟ. ಯಾವುದೋ ಪೆಟ್ಟಿಗೆ ತೆರೆದು ಏನೋ ತಿರುಗಿಸಿ, ಎರಡೂ ಕೈ ಹಾಕಿ ಬಾಗಿಲು ಬಿಡಿಸಿದ. ಮಂಡಿಯೂರಿ ಒಳಕ್ಕೆ ಕೈ ಚಾಚಿದ. ತನ್ನ ಎದೆಮಟ್ಟಕ್ಕಿದ್ದ ಮೇಲಿನ ಮಹಡಿಯ ನೆಲದ ಅಂಚಿನ ಮೇಲೆ, ಅವನ ಕೈಗಳನ್ನು ಹಿಡಿದು, ಅಷ್ಟುದ್ದದ ಬಟ್ಟೆಯನ್ನು ಎಳೆದುಕೊಂಡು ತಂಗಿ ತೆವಳುತ್ತ ಹೊರಬಂದಳು. ಬಂದವಳು ಅವನ ಗ್ರೀಸು ಹತ್ತಿದ ಮುಖ ನೋಡಿ ನಕ್ಕುಬಿಟ್ಟಳು. ಎರಡೂ ಕೈ ಅವನ ಹಿಡಿತದಲ್ಲಿ. ಬಾಯಿ ಮುಚ್ಚಿಕೊಳ್ಳಲು ಆಗಲೇ ಇಲ್ಲ. ಹಲ್ಲುಗಳೆಲ್ಲ ಕಾಣುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ಟೇಪಕ್ಕನ ಗಂಡ ಇಷ್ಟನ್ನೂ ವಿಡಿಯೋ ಮಾಡಿಕೊಂಡಿದ್ದ. ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ ಸೈಟಿನ ಮುಖಪುಟಕ್ಕೆ ಹಾಕಿದ. ಅದರ ಕೆಳಗೆ ಏನು ಬರೆಯಬೇಕೆಂದು ಕೇಳಿದಾಗ ಟೇಪಕ್ಕ ಕಾಫಿ ಕುಡಿಯುತ್ತಲೇ ಹೇಳಿದಳು: "ಎಲ್ಲೇ ಸಿಕ್ಕಿಕೊಂಡರೂ ಕೈಹಿಡಿದು ಹೊರಗೆ ತರುವವರೊಬ್ಬರಿರಲಿ."

ವಾರ ಕಳೆಯುವುದರೊಳಗೆ ಆ ವಿಡಿಯೋ ಕಾಡ್ಗಿಚ್ಚಿನಂತೆ ಹಬ್ಬಿತು. ಕಂಡುಕೇಳದ ಊರುಗಳ ಜನ ನೋಡಿದರು, ಅತ್ತರು, ಒಬ್ಬರಿಗೊಬ್ಬರು ಕಳಿಸಿದರು. ಫೋನು ಕೆಳಗಿಡಲು ಬಿಡುವಿರಲಿಲ್ಲ. "ಆ ಲಿಫ್ಟಿನ ಮದುವೆ ಮಾಡಿಸಿದ್ದು ನೀವೇನಾ?" ಎಂಬುದೇ ಎಲ್ಲರ ಮೊದಲ ಮಾತು.

ತಂಗಿ ಫೋನು ಮಾಡಿದಳು. "ಅಕ್ಕಾ, ಹಲ್ಲೆಲ್ಲ ಕಾಣ್ತಿದೆ. ತೆಗೆಸೇ."

"ನಿನ್ನ ಜನ್ಮದಲ್ಲಿ ಇಷ್ಟು ಚೆಂದ ಕಂಡಿದ್ದು ಅದೊಂದರಲ್ಲೇ ಕಣೆ, ಸುಮ್ನಿರು."

"ನಿಲ್ದಾಣದಲ್ಲಿ ಜನ ಗಾಜಿನ ಹತ್ರ ಬಂದು ಇಣುಕ್ತಾರೆ."

"ಇಣುಕ್ಲಿ. ದೃಷ್ಟಿ ಬೀಳೋ ಹಾಗೆ ಬದುಕು."

ತಂಗಿ ನಕ್ಕು ಸುಮ್ಮನಾದಳು. ಅವಳು ಅಕ್ಕನ ಮಾತು ಮೀರಿದವಳೇ ಅಲ್ಲ.

ವ್ಯವಹಾರ ಬೆಳೆಯಿತು. ಮುಂದಿನ ಕೋಣೆ ಬಿಟ್ಟು ಬೀದಿಗೆ ಗಾಜಿನ ಮುಖವಿದ್ದ ಆಫೀಸಿಗೆ ಹೋದರು. ಕೆಲಸಕ್ಕೆ ಜನ ಬಂದರು. ಗಂಡ ಕ್ಯಾಮೆರಾ ಮುಟ್ಟುವುದನ್ನೇ ಬಿಟ್ಟು ಸಭಾಂಗಣದ ಮಾಲೀಕರೊಂದಿಗೆ ಊಟಕ್ಕೆ ಹೋಗತೊಡಗಿದ. ಗಂಡಹೆಂಡತಿ ಸೇರಿ ಕಟ್ಟಿದ ಕಂಪನಿ ಎಂಬುದು ಜನಕ್ಕೆ ಹಿಡಿಸುತ್ತದೆ ಎಂದು ಅವನಿಗೆ ಬೇಗ ಗೊತ್ತಾಯಿತು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತ ಫೋಟೋ ಗೋಡೆಯುದ್ದಕ್ಕೂ ಬಂತು. ಆ ಫೋಟೋ ತೆಗೆದ ದಿನ ಇಬ್ಬರೂ ಕಾರಿನಲ್ಲಿ ಯಾವುದೋ ಅಡುಗೆಯವನ ವಿಷಯಕ್ಕೆ ಜಗಳವಾಡಿಕೊಂಡೇ ಬಂದಿದ್ದರು. ನೋಡಿದವರಿಗೆ ಅದು ಹೇಗೆ ತಿಳಿಯಬೇಕು?

ತಂಗಿ ನಿಲ್ದಾಣದ ಕೆಲಸ ಬಿಟ್ಟಳೆಂದು ಸುದ್ದಿ ಬಂತು. "ಅವರಿಗೆ ಇಷ್ಟ ಇಲ್ಲ" ಎಂದಷ್ಟೇ ಹೇಳಿದಳು. ಬಂದುಹೋಗುವುದು ಕಡಿಮೆಯಾಯಿತು. ಫೋನು ಮಾಡಿದರೆ ಅವಳ ಗಂಡನೇ ಎತ್ತುತ್ತಿದ್ದ, ಅದೇ ನಯದಿಂದ, "ಮಲಗಿದ್ದಾಳೆ ಅಕ್ಕಾ" ಎನ್ನುತ್ತಿದ್ದ. ಟೇಪಕ್ಕನಿಗೆ ಬಿಡುವೆಲ್ಲಿ? ಮಲಗಿದ್ದರೆ ಮಲಗಲಿ ಎಂದುಕೊಂಡಳು.

ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ತಂಗಿಯ ಕರೆ ಬಂತು. ಕೆಳಗಿನ ಮನೆಯ ಹೆಂಗಸು ಕಿಟಕಿಯ ಸರಳಿನ ಸಂದಿಯಿಂದ ತನ್ನ ಫೋನು ಕೊಟ್ಟಿದ್ದಳಂತೆ.

"ಅಕ್ಕಾ, ನಾನು ಮನೆಗೆ ಬರ್ತೀನಿ."

"ಬಾರೆ, ಯಾರು ಬೇಡ ಅಂದ್ರು?"

"ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತಾರೆ. ದಿನಾ. ನೀನೇ ಬಂದು ಕರ್ಕೊಂಡು ಹೋಗ್ಬೇಕು."

ಟೇಪಕ್ಕ ಆಗ ಆಫೀಸಿನ ಮೆಟ್ಟಿಲ ಮೇಲೆ ನಿಂತಿದ್ದಳು. ಒಳಗೆ ದೊಡ್ಡ ಸಭಾಂಗಣಗಳ ಸರಪಳಿಯೊಂದರ ಮಾಲೀಕರು ಕೂತಿದ್ದರು. ಅವರಿಗೆ ಬೇಕಿದ್ದದ್ದು ಆ ಲಿಫ್ಟಿನ ವಿಡಿಯೋವೇ; ತಮ್ಮ ಎಲ್ಲ ಜಾಹೀರಾತಿಗೂ ಅದೇ ಇರಲಿ, ಆ ಜೋಡಿಯನ್ನೂ ಒಂದು ದಿನ ಕರೆಸಿ ಎಂದಿದ್ದರು. ಗಾಜಿನ ಆಚೆಯಿಂದ ಗಂಡ ಬೇಗ ಬಾ ಎಂದು ಕಣ್ಸನ್ನೆ ಮಾಡುತ್ತಿದ್ದ.

"ನೋಡು," ಎಂದಳು ಟೇಪಕ್ಕ, "ಹೊಸದರಲ್ಲಿ ಗಂಡಸರಿಗೆ ಏನೇನೋ ಅನುಮಾನ ಇರತ್ತೆ. ಸ್ವಲ್ಪ ದಿನ ತಾಳ್ಕೋ. ಈ ಕೆಲಸ ಒಂದು ದಡ ಮುಟ್ಲಿ, ನಾನೇ ಬಂದು ಅವನ ಹತ್ರ ಮಾತಾಡ್ತೀನಿ."

ತಂಗಿ "ಆಯ್ತು" ಎಂದಳು.

ಹಿರಿಯ ಹೆಂಗಸರೆಲ್ಲ ಕಿರಿಯರಿಗೆ ಹೇಳುವುದನ್ನೇ ತಾನೂ ಹೇಳಿದೆ ಎಂದು ಟೇಪಕ್ಕ ಒಳಗೆ ಹೋಗುತ್ತ ತನಗೆ ತಾನೇ ಹೇಳಿಕೊಂಡಳು. ಅದು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲವೆಂದು ಕುರ್ಚಿ ಎಳೆದು ಕೂರುವಾಗಲೇ ಅವಳಿಗೆ ಗೊತ್ತಿತ್ತು. ಒಪ್ಪಂದ ಆಯಿತು. ಮಾತಾಡಲು ಹೋಗುವುದು ಮಾತ್ರ ಇವತ್ತು ನಾಳೆ ಎಂದು ಮುಂದಕ್ಕೆ ಹೋಯಿತು.

ಕೊನೆಗೆ ಯಾರೂ ಹೋಗಿ ಕರೆತರಲಿಲ್ಲ. ಕೆಳಗಿನ ಮನೆಯ ಹೆಂಗಸೇ ಬೀಗದವನನ್ನು ಕರೆಸಿ, ಬಾಗಿಲು ತೆಗೆಸಿ, ತಂಗಿಯನ್ನು ಆಟೋ ಹತ್ತಿಸಿದಳು. ಒಂದು ಚೀಲ ಹಿಡಿದು ಟೇಪಕ್ಕನ ಬಾಗಿಲಲ್ಲಿ ನಿಂತ ತಂಗಿಯನ್ನು ನೋಡಿದರೆ, ಮುಂಚೆ ತೆಗೆದ ಯಾವ ಅಳತೆಯೂ ಅವಳಿಗೆ ಸರಿಹೊಂದುವ ಹಾಗಿರಲಿಲ್ಲ. ತೋಳಿನ ಮೇಲೆ ಹಳೆಯ ಗಾಯ, ಹೊಸ ಗಾಯ. ಸುದ್ದಿ ತಿಳಿದು ಬಂದ ಅಪ್ಪ ನೋಡಲಾರದೆ ಹಿತ್ತಿಲಿಗೆ ಹೋಗಿ ನಿಂತ.

ಟೇಪಕ್ಕನ ಗಂಡ ಕೆಟ್ಟವನೇನಲ್ಲ. ತಾನೇ ಕಾರಿನಲ್ಲಿ ಹೋಗಿ ತಂಗಿಯ ಬಟ್ಟೆಬರೆ ತಂದ. ಒಳ್ಳೆಯ ಲಾಯರನ್ನು ಹಿಡಿದುಕೊಟ್ಟ. ತಮ್ಮ ಕೋಣೆ ಅವಳಿಗೆ ಬಿಟ್ಟುಕೊಟ್ಟು ನಡುಮನೆಯಲ್ಲಿ ಮಲಗಿದ. ತಂಗಿ ಕೇಳಿದ್ದು ಇದ್ಯಾವುದನ್ನೂ ಅಲ್ಲ. ಊಟಕ್ಕೆ ಕೂತಾಗ ಒಂದೇ ಒಂದು ಮಾತು ಕೇಳಿದಳು.

"ಭಾವಾ, ಆ ವಿಡಿಯೋ ತೆಗೆದುಬಿಡಿ."

ಅವನು ತುತ್ತು ಕೈಯಲ್ಲೇ ಹಿಡಿದು ಹೆಂಡತಿಯ ಮುಖ ನೋಡಿದ. "ತೆಗಿಯೋಣ. ಸ್ವಲ್ಪ ಟೈಮ್ ಕೊಡು. ಒಪ್ಪಂದದಲ್ಲಿ ಅದೇ ಇದೆ. ಅದನ್ನ ಕಿತ್ತರೆ ಸಭಾಂಗಣದವರು ಹೋಗ್ತಾರೆ, ಅವರು ಹೋದರೆ ಕಂಪನಿ ಹೋಯ್ತು. ಅಷ್ಟೂ ಜನ ಬೀದಿಗೆ ಬರ್ತಾರೆ. ಬೇರೆ ಯಾವ್ದಾದ್ರೂ ಒಂದು ಓಡ್ಲಿ, ಆಗ ತೆಗಿಯೋಣ."

"ಅಕ್ಕಾ?" ಎಂದಳು ತಂಗಿ.

"ನಾನು ಮಾತಾಡ್ತೀನಿ" ಎಂದಳು ಟೇಪಕ್ಕ.

ಯಾರ ಹತ್ತಿರ ಮಾತಾಡಬೇಕು? ಸೈಟಿನ ಕೀಲಿ ಗಂಡನ ಕೈಯಲ್ಲಿ ಎಷ್ಟಿತ್ತೋ ಅವಳ ಕೈಯಲ್ಲೂ ಅಷ್ಟೇ ಇತ್ತು. ಒಂದು ಭಾನುವಾರ ಯಾರಿಗೂ ಹೇಳದೆ ಅವಳೊಬ್ಬಳೇ ಆಫೀಸಿಗೆ ಹೋದಳು. ಬಿಸಿಲು ಗಾಜಿನಿಂದ ಇಳಿದು ಮೇಜಿನ ಮೇಲೆ ಬಿದ್ದಿತ್ತು. ಪುಟ ತೆರೆದಳು. ತಂಗಿ ನಗುತ್ತಿದ್ದಳು. ಅಳಿಸಬೇಕೆ ಎಂದು ಕಂಪ್ಯೂಟರು ಕೇಳಿತು. ಅಷ್ಟರಲ್ಲಿ ಫೋನು ರಿಂಗಾಯಿತು. ಒಬ್ಬ ಹೆಣ್ಣುಮಗಳು ಉಸಿರು ಬಿಡದೆ ಹೇಳಿದಳು: ನಾವಿಬ್ಬರೂ ಆ ಲಿಫ್ಟಿನ ವಿಡಿಯೋ ನೋಡಿಯೇ ಮದುವೆ ನಿಶ್ಚಯ ಮಾಡಿಕೊಂಡದ್ದು, ಮಾಡಿಸಿದರೆ ನೀವೇ ಮಾಡಿಸಬೇಕು. ಟೇಪಕ್ಕ ತನಗೇ ಅರಿವಿಲ್ಲದೆ ಕೆಲಸದ ದನಿಗೆ ಬಂದಳು. ಯಾವ ತಿಂಗಳು, ಎಷ್ಟು ಜನ, ಒಳಗೋ ಬಯಲಲ್ಲೋ ಎಂದು ಕೇಳುತ್ತ ಹೋದಳು. ಮಾತು ಮುಗಿಯುವಾಗ ಬಿಸಿಲು ಮೇಜಿನಿಂದ ಇಳಿದಿತ್ತು. ಪುಟ ಮುಚ್ಚಿ ಮನೆಗೆ ಬಂದಳು. ತಂಗಿ ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ತಂಗಿ ಮತ್ತೆ ನಿಲ್ದಾಣದ ಕೆಲಸಕ್ಕೆ ಸೇರಿದಳು. ಗಾಜಿಗೆ ಒಳಗಿನಿಂದ ಪೇಪರು ಅಂಟಿಸಿಕೊಂಡಳು. ಆದರೂ ಬರುವಾಗ ಹೋಗುವಾಗ ಜನ ಬಿಡುತ್ತಿರಲಿಲ್ಲ. "ಲಿಫ್ಟಿನ ಹುಡುಗಿ ಅಲ್ವಾ? ಎಲ್ಲಿ ನಿಮ್ಮವರು? ಒಂದು ಫೋಟೋ ತಗೊಳ್ಳಾ?" ಒಬ್ಬ ಮುದುಕಿ ಅವಳ ಎರಡೂ ಕೈ ಹಿಡಿದು, ಅಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದಳಂತೆ. ಇದನ್ನು ತಂಗಿ ಹೇಳಲಿಲ್ಲ, ಅಪ್ಪ ಹೇಳಿದ.

ವಿಚ್ಛೇದನಕ್ಕೆ ತಂಗಿಯ ಗಂಡ ಒಪ್ಪಲಿಲ್ಲ. ಕೌಟುಂಬಿಕ ನ್ಯಾಯಾಲಯದ ಸಣ್ಣ ಕೋಣೆಯಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಕಟ್ಟಿ ಕೂತಿದ್ದ. ಬೀಗ ಹಾಕಿದ್ದೇ ಇಲ್ಲ, ನನ್ನ ಹೆಂಡತಿಯ ತಲೆ ಯಾರೋ ಕೆಡಿಸಿದ್ದಾರೆ ಎಂದ. ತಂಗಿಯ ಕಡೆಯ ಸಾಕ್ಷಿಯಾಗಿ ಟೇಪಕ್ಕ ನಿಂತಳು. ಬೀಗದ ವಿಷಯ, ಗಾಯದ ವಿಷಯ ಹೇಳಿದಳು. ಆಮೇಲೆ ಅವನ ಲಾಯರು ಎದ್ದ. ಬಿಳಿಕೂದಲಿನ, ತಾಳ್ಮೆಯ ಮನುಷ್ಯ.

"ಬೀಗ ನೀವು ಕಣ್ಣಾರೆ ನೋಡಿದ್ದೀರಾ?"

"ಇಲ್ಲ. ಅವಳು ಫೋನ್ ಮಾಡಿ ಹೇಳಿದ್ಲು."

"ಹೇಳಿದಾಗ ನೀವೇನು ಮಾಡಿದ್ರಿ?"

ಟೇಪಕ್ಕ ತಂಗಿ ಕೂತಿದ್ದ ಕಡೆ ನೋಡಿದಳು.

"ಹೋಗ್ಲಿ ಬಿಡಿ. ಈ ವಿಡಿಯೋ ನಿಮ್ಮ ಕಂಪನೀದೇ ತಾನೇ?" ಅವನು ಫೋನು ಮುಂದೆ ಹಿಡಿದ. ತಂಗಿಯ ನಗು ಕೋಣೆಯೊಳಗೆಲ್ಲ ಕೇಳಿಸಿತು. "ಇವತ್ತಿಗೂ ಇದು ನಿಮ್ಮ ಸೈಟಿನ ಮೊದಲ ಪುಟದಲ್ಲಿದೆಯಾ?"

"ಇದೆ."

"ಅಂದ್ರೆ ನಿಮ್ಮ ತಂಗಿಯ ಸಂಸಾರ ನರಕ ಅಂತ ಇಲ್ಲಿ ಹೇಳ್ತೀರಿ, ಲೋಕಕ್ಕೆ ಮಾದರಿ ಅಂತ ಅಲ್ಲಿ ತೋರಿಸ್ತೀರಿ. ಕೆಳಗೆ ಏನು ಬರೆದಿದೆ, ಸ್ವಲ್ಪ ಓದಿ."

ನ್ಯಾಯಾಧೀಶೆ ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ಟೇಪಕ್ಕ ತಾನೇ ಹೇಳಿ ಬರೆಸಿದ ಮಾತನ್ನು ತಂಗಿಯ ಎದುರಿಗೆ ಓದಿದಳು. "ಎಲ್ಲೇ ಸಿಕ್ಕಿಕೊಂಡರೂ ಕೈಹಿಡಿದು ಹೊರಗೆ ತರುವವರೊಬ್ಬರಿರಲಿ."

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ತಂಗಿ ಕೂತಿದ್ದಳು. ಟೇಪಕ್ಕ ಪಕ್ಕಕ್ಕೆ ಹೋಗಿ ಕೂರಲು ಹೊರಟಾಗ ಅವಳು ಎದ್ದು ನಿಂತಳು. ಕೋಪವಿರಲಿಲ್ಲ. ಕೋಪ ಇದ್ದಿದ್ದರೆ ಟೇಪಕ್ಕನಿಗೆ ಹೇಗೆ ಸಂಭಾಳಿಸಬೇಕೆಂದು ಗೊತ್ತಿತ್ತು.

"ಚೆನ್ನಾಗಿ ಓದಿದೆ ಅಕ್ಕಾ. ಎಲ್ಲೂ ತಡವರಿಸಲಿಲ್ಲ."

ಅಷ್ಟು ಹೇಳಿ ಅಪ್ಪನ ಜತೆ ಮೆಟ್ಟಿಲಿಳಿದು ಹೋದಳು.

ಅವತ್ತು ಸಂಜೆ ಟೇಪಕ್ಕ ವಿಡಿಯೋ ಅಳಿಸಿದಳು. ಅಳಿಸಿ ಏನು ಬಂತು? ಅಷ್ಟರಲ್ಲಿ ಅದು ನೂರಾರು ಕಡೆ ಇತ್ತು, ಯಾರ್ಯಾರದೋ ಹಾಡು ಸೇರಿಸಿಕೊಂಡು ಓಡಾಡುತ್ತಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಗಂಡ ಕೂಗಾಡಲಿಲ್ಲ. "ನನಗೊಂದು ಮಾತು ಹೇಳಿ ಮಾಡಬಹುದಿತ್ತು" ಎಂದ. "ಹಾಕುವಾಗ ನೀನು ಹೇಳಿದ್ಯಾ?" ಎಂದಳು ಇವಳು. "ಕೆಳಗಿನ ಮಾತು ನಿನ್ನದು" ಎಂದ ಅವನು. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಅದಕ್ಕೇ ಮುಂದೆ ಹೇಳಲು ಏನೂ ಉಳಿದಿರಲಿಲ್ಲ.

ಕಂಪನಿ ಮುಳುಗಲಿಲ್ಲ. ಸಭಾಂಗಣದವರು ಗೊಣಗಿದರು, ಹೋಗಲಿಲ್ಲ. ಜನಕ್ಕೆ ಬೇರೆ ವಿಡಿಯೋಗಳು ಸಿಕ್ಕವು. ಆ ಒಂದು ವಿಡಿಯೋ ಇಲ್ಲದೆಯೂ ಎಲ್ಲ ನಡೆಯುತ್ತಿತ್ತು, ತಂಗಿ ಕೇಳಿದ ದಿನವೇ ಅಳಿಸಿದ್ದರೂ ನಡೆಯುತ್ತಿತ್ತು ಎಂದು ತಿಳಿದಾಗ ಟೇಪಕ್ಕನ ಬಾಯಿ ಕಹಿಯಾಯಿತು. ಕಂಪನಿ ಮುಳುಗಿದ್ದರೆ ತಾನು ಏನನ್ನೋ ತೆತ್ತೆ ಎಂದಾದರೂ ಅನ್ನಿಸುತ್ತಿತ್ತು.

ಕೆಳಗಿನ ಮನೆಯ ಹೆಂಗಸು ಬಂದು ಸಾಕ್ಷಿ ಹೇಳಿದಳು, ಬೀಗದವನನ್ನೂ ಕರೆತಂದಳು. ತಂಗಿಗೆ ಬಿಡುಗಡೆ ಸಿಕ್ಕಿತು, ಸಿಗಬೇಕಾದ್ದಕ್ಕಿಂತ ಬಹಳ ತಡವಾಗಿ. ದೂರದ ಊರಿನ ನಿಲ್ದಾಣಕ್ಕೆ ವರ್ಗ ಮಾಡಿಸಿಕೊಂಡು ಹೋದಳು. ಹೋಗುವ ದಿನ ಅಕ್ಕನಿಗೆ ಹೇಳಲಿಲ್ಲ.

ಗಂಡಹೆಂಡತಿ ಈಗ ಬೇರೆ ಬೇರೆ ಕೋಣೆಗಳಲ್ಲಿ ಮಲಗುತ್ತಾರೆ. ಬೇರೆಯಾಗುವ ಮಾತು ಒಮ್ಮೆ ಬಂದಿತ್ತು, ಅದೂ ವ್ಯವಹಾರದ ಮಾತಿನ ನಡುವೆ. "ಮದುವೆ ಮಾಡಿಸೋರ ಮದುವೇನೇ ಮುರಿದ್ರೆ ಯಾರು ಬರ್ತಾರೆ?" ಎಂದ ಅವನು. ಅವಳೂ ಒಪ್ಪಿದಳು. ಈಗೀಗ ಅವರು ಒಪ್ಪುವುದು ಇಂಥ ವಿಷಯಗಳಲ್ಲೇ.

ಅಪ್ಪ ಸ್ವಲ್ಪ ದಿನ ಇವರ ಜತೆಗಿದ್ದ. ಆಮೇಲೆ ಒಂದು ಬೆಳಿಗ್ಗೆ ಚೀಲ ತುಂಬಿಕೊಂಡು, ಚಿಕ್ಕವಳ ಹತ್ತಿರ ಹೋಗುತ್ತೇನೆ ಎಂದ.

"ಇಲ್ಲಿ ಏನು ಕಡಿಮೆಯಾಗಿದೆ ಅಪ್ಪಾ?"

"ಏನೂ ಇಲ್ಲಮ್ಮ. ಊಟ ಚೆನ್ನಾಗಿದೆ. ಗಂಟಲಲ್ಲಿ ಇಳಿಯಲ್ಲ, ಅಷ್ಟೇ."

ಕಾರಿನಲ್ಲಿ ಬಿಟ್ಟು ಬರುತ್ತೇನೆ ಎಂದರೆ ಬೇಡವೆಂದ. ನಿಲ್ದಾಣದವರೆಗೆ ನಡೆದೇ ಹೋದರು. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತವನನ್ನು ಟೇಪಕ್ಕ ಕೆಳಗೆ ನಿಂತು ಕೇಳಿದಳು, "ಅವಳು ಹೇಗಿದ್ದಾಳೆ?"

"ಇದ್ದಾಳೆ. ಕೂದಲು ಗಿಡ್ಡ ಮಾಡಿಸ್ಕೊಂಡಿದ್ದಾಳೆ, ಕನ್ನಡಕ ಹಾಕ್ತಾಳೆ. ಯಾರಿಗೂ ಗುರುತು ಸಿಗಲ್ಲ. ಆರಾಮಾಗಿದ್ದಾಳೆ."

"ನನ್ನ ಬಗ್ಗೆ ಏನಾದ್ರೂ ಹೇಳ್ತಾಳಾ? ಬೈತಾಳಾ?"

ಅಪ್ಪ ಸುಳ್ಳು ಹೇಳಬಹುದಿತ್ತು. ಜೀವಮಾನವಿಡೀ ರಸ್ತೆ ನೋಡಿಕೊಂಡು ಬದುಕಿದವನು, ಆಗಲೂ ಮುಂದಕ್ಕೇ ನೋಡುತ್ತಿದ್ದ.

"ಇಲ್ಲಮ್ಮ. ನಿನ್ನ ವಿಷಯವೇ ಬರಲ್ಲ."

ಬಸ್ಸು ಹೋದ ಮೇಲೆ ಅವಳು ಆಫೀಸಿಗೆ ಬಂದಳು. ಹೊಸ ಜೋಡಿಯೊಂದು ಬಂದು ಕಾಯುತ್ತಿತ್ತು. ಗಂಡ ಅವರಿಗೆ ಏನೋ ಹೇಳಿ ನಗಿಸುತ್ತಿದ್ದ. ಇವಳನ್ನು ನೋಡಿ, "ಬಂದ್ಲು ನೋಡಿ, ನಮ್ಮ ಮನೆಯ ಯಜಮಾನಿ" ಎಂದು ಪಕ್ಕದ ಕುರ್ಚಿ ಎಳೆದ. ಹುಡುಗಿ ಇಬ್ಬರನ್ನೂ ಕಣ್ಣರಳಿಸಿ ನೋಡಿದಳು.

"ಇಷ್ಟು ವರ್ಷ ಮನೇಲೂ ಆಫೀಸಲ್ಲೂ ಒಟ್ಟಿಗೆ ಇದ್ದೀರಲ್ಲಾ, ಗುಟ್ಟೇನು?"

"ಕೊನೇ ಮಾತು ಯಾವಾಗಲೂ ನಂದೇ," ಎಂದ ಅವನು. "'ಆಯ್ತು ಕಣೆ' ಅನ್ನೋದು."

ಎಲ್ಲರೂ ನಕ್ಕರು. ಟೇಪಕ್ಕನೂ, ನಗಬೇಕಾದ ಜಾಗ ಗೊತ್ತಿದ್ದವಳಾದ್ದರಿಂದ, ನಕ್ಕಳು. ಅವನು ತೋಳು ಚಾಚಿ ಅವಳ ಕುರ್ಚಿಯ ಬೆನ್ನಿನ ಮೇಲೆ ಇಟ್ಟ. ಅವಳು ಸಭಾಂಗಣದ ಫೋಟೋಗಳನ್ನು ತೋರಿಸುವ ನೆಪದಲ್ಲಿ ಮೇಜಿನತ್ತ ಬಾಗಿ, "ತಿಂಗಳು ಯಾವುದು ಅಂದ್ರಿ?" ಎಂದು ಕೇಳಿದಳು.